ಹೂವಿಲ್ಲದ ಗಿಡದ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ನಾನು ಒಳ್ಳೆ ಹೆಂಗಸಲ್ಲ. ಹದಿನೈದು ವರ್ಷ ನನಗೆ ಇದ್ದದ್ದು ಒಂದೇ ಆಸೆ. ಬೇಲಿ ಸಾಹೇಬರು ನಾಲ್ಕು ಜನರ ಮುಂದೆ ಹುಲ್ಲಿನಲ್ಲಿ ಮಂಡಿಯೂರಬೇಕು, ಕುರಿ ಮೇಯ್ದು ಬಿಟ್ಟ ಗಿಡದ ಬುಡ ತೋರಿಸಿ "ಇದೇನು ಹೇಳಿ ಸಾರ್" ಅಂತ ನಾನು ಕೇಳಬೇಕು, ಅವರ ಬಾಯಿಂದ ಉತ್ತರ ಬರಬಾರದು. ಇಷ್ಟೇ. ಒಡವೆ ಬೇಡ, ಸೀರೆ ಬೇಡ, ಮದುವೆ ಕೂಡ ಬೇಡ ಅಂದುಬಿಟ್ಟಿದ್ದೆ. "ನಿಮ್ಮ ತಂಗಿ ಆ ಸಾಹೇಬನ ಮೇಲಿನ ಸಿಟ್ಟಿನ ಜೊತೆಗೇ ಸಂಸಾರ ಮಾಡ್ತಿದ್ದಾಳೆ ಕಣ್ರೀ" ಅಂತ ಅತ್ತಿಗೆ ಅಣ್ಣನ ಹತ್ತಿರ ಹೇಳಿ ನಗ್ತಿದ್ದಳು. ನಗಲಿ ಬಿಡಿ, ಸುಳ್ಳೇನಲ್ಲ.

ಸಾಹೇಬರು ಅಂದರೆ ನಮ್ಮ ಹುಲ್ಲುಗಾವಲು ಸಂಶೋಧನಾ ಕಚೇರಿಯ ಡೈರೆಕ್ಟರು. ಬೇಲಿ ಸಾಹೇಬ ಅನ್ನೋದು ಕುರಿ ಕಾಯೋರು ಇಟ್ಟ ಹೆಸರು, ಯಾಕಂದರೆ ಇಡೀ ಗುಡ್ಡಕ್ಕೆ ಆರಡಿ ತಂತಿ ಬೇಲಿ ಸುತ್ತಿಸಿದ ಪುಣ್ಯಾತ್ಮ ಅವರೇ. ಅದಕ್ಕೆ ಮುಂಚೆ ಆ ಗುಡ್ಡದಲ್ಲಿ ಏಳು ಮನೆಯವರ ಕುರಿ ಮೇಯ್ತಿದ್ದವು. ನಮ್ಮದೂ ಒಂದು ಹಿಂಡು. ಹಿಂಡನ್ನ ಎಲ್ಲಿ ಬಿಡಬೇಕು, ಯಾವತ್ತು ಎತ್ತಬೇಕು ಅನ್ನೋದನ್ನ ಏಳೂ ಮನೆಯವರು ನಮ್ಮಪ್ಪನ್ನ ಕೇಳ್ತಿದ್ದರು. ಒಂದೇ ಕಡೆ ಎರಡು ದಿನಕ್ಕಿಂತ ಹೆಚ್ಚು ಹಿಂಡು ನಿಲ್ಲಿಸೋಕೆ ಅಪ್ಪ ಬಿಡ್ತಿರಲಿಲ್ಲ. ನೀರಿನ ತೊಟ್ಟಿಯ ಸುತ್ತ ಮಾತ್ರ ಯಾರ ಮಾತೂ ನಡೀತಿರಲಿಲ್ಲ. ಅಲ್ಲಿ ಕುರಿಗಳು ತುಳಿದು ತುಳಿದು ನೆಲ ಬೋಳಾಗಿ ಮುಳ್ಳು ಮಾತ್ರ ಉಳಿದಿತ್ತು. ಅದನ್ನ ಅಪ್ಪ ಯಾವತ್ತೂ ಮುಚ್ಚಿಡಲಿಲ್ಲ. "ಅಲ್ಲಿ ನಾವೇ ಕೆಡಿಸಿದ್ದು" ಅಂತ ತಾನೇ ತೋರಿಸ್ತಿದ್ದ.

ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಸಾಹೇಬರು ಲೆಕ್ಕ ಹಾಕೋಕೆ ಬಂದರು. ಕುರಿಗಳು ಗುಡ್ಡದ ಗಿಡಗಳನ್ನ ತಿಂದು ಮುಗಿಸ್ತಿವೆಯಾ ಅಂತ ನೋಡಬೇಕಿತ್ತಂತೆ. ಮೂರು ವರ್ಷದ ಹಿಂದೆಯೇ ಗುಡ್ಡದ ಒಂದು ಮೂಲೆಗೆ ಪುಟ್ಟ ಬೇಲಿ ಹಾಕಿ ಕುರಿ ಹೋಗದ ಹಾಗೆ ಮಾಡಿಟ್ಟಿದ್ದರು. ಆ ಮೂಲೆಯಲ್ಲಿ ಎಷ್ಟು ಬಗೆ ಗಿಡ, ಕುರಿ ಮೇಯೋ ಕಡೆ ಎಷ್ಟು ಬಗೆ, ಎರಡನ್ನೂ ಹೋಲಿಸೋದು. ಕೆಲಸದ ರೀತಿ ಸುಲಭ. ಒಂದು ಮೀಟರ್ ಉದ್ದಗಲದ ಕಬ್ಬಿಣದ ಚೌಕಟ್ಟನ್ನ ನೆಲದ ಮೇಲೆ ಇಡಬೇಕು, ಮಂಡಿಯೂರಿ ಅದರೊಳಗೆ ಎಷ್ಟು ಬಗೆ ಇದೆ ಅಂತ ಬರ್ಕೋಬೇಕು. ಆಮೇಲೆ ಹತ್ತು ಹೆಜ್ಜೆ ಮುಂದೆ ಮತ್ತೆ ಇಡಬೇಕು.

ಎಡವಟ್ಟು ಆಗಿದ್ದು ಇಲ್ಲೇ. ಸಾಹೇಬರು ಗಿಡ ಗುರುತಿಸೋದು ಹೂವಿನಿಂದ. ಪುಸ್ತಕ ಓದಿ ಕಲಿತವರು, ಪುಸ್ತಕದಲ್ಲಿ ಎಲ್ಲ ಗಿಡವೂ ಹೂ ಬಿಟ್ಟುಕೊಂಡೇ ಇರುತ್ತೆ. ಅವರು ಬಂದಿದ್ದು ಹಿಂಡು ಆ ಜಾಗ ಮೇಯ್ದು ಹೋದ ಇಪ್ಪತ್ತು ದಿನಕ್ಕೆ. ಕುರಿ ಮೊದಲು ತಿನ್ನೋದೇ ಹೂವು. ಪುಟ್ಟ ಬೇಲಿಯ ಒಳಗೆ ಹೂವೋ ಹೂವು, ಹೊರಗೆ ಒಂದೊಂದು ಅಂಗುಲದ ಬುಡಗಳು. ದಾರಿ ತೋರಿಸೋಕೆ ಅಂತ ಅಪ್ಪ ಜೊತೆಗಿದ್ದ, ಅಪ್ಪನ ಬುತ್ತಿ ಹಿಡ್ಕೊಂಡು ನಾನೂ ಇದ್ದೆ.

"ಸಾಹೇಬ್ರೇ, ಇದು ಕುರಿನಾಲಿಗೆ. ಬುಡ ನೋಡಿ, ಮುರಿದರೆ ಹಾಲು ಬರುತ್ತೆ" ಅಂದ ಅಪ್ಪ. "ಇದು ಗುಬ್ಬಿಕಾಲು. ಇದನ್ನ ಉಜ್ಜಿ ಮೂಸಿ, ಸೌತೆಕಾಯಿ ವಾಸನೆ."

"ಹೂವಿಲ್ಲದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲಪ್ಪ" ಅಂದರು ಸಾಹೇಬರು.

"ಇನ್ನೊಂದು ತಿಂಗಳು ಬಿಟ್ಟು ಬನ್ನಿ, ಎಲ್ಲಾ ಹೂ ಬಿಟ್ಟಿರ್ತವೆ."

"ನಿನ್ನ ಕುರಿ ಬಂದಾಗ ಬರಬೇಕು, ಹೋದಾಗ ಹೋಗಬೇಕು ಅಂತ ಸರ್ಕಾರ ನನ್ನ ಇಟ್ಕೊಂಡಿಲ್ಲ."

ಜೊತೆಯಲ್ಲಿದ್ದ ಡ್ರೈವರು ಕಿಸಕ್ಕನೆ ನಕ್ಕ. ಅಪ್ಪನೂ ನಕ್ಕ. ಅಪ್ಪ ನಕ್ಕಿದ್ದಕ್ಕೆ ನನಗೆ ಇನ್ನೂ ಹೊಟ್ಟೆ ಉರಿಯುತ್ತೆ.

ಆರು ತಿಂಗಳಿಗೆ ವರದಿ ಬಂತು. ಬೇಲಿಯೊಳಗೆ ಮೂವತ್ತೊಂದು ಬಗೆ, ಕುರಿ ಮೇಯೋ ಕಡೆ ಹನ್ನೊಂದು. ಕುರಿಗಾಹಿಗಳು ಇಪ್ಪತ್ತು ಬಗೆ ಗಿಡವನ್ನ ನಾಶ ಮಾಡಿದ್ದಾರೆ ಅಂತ ಪೇಪರಿನಲ್ಲೂ ಬಂತು. ಇಡೀ ಗುಡ್ಡಕ್ಕೆ ಬೇಲಿ ಬಿತ್ತು, ಹದಿನೈದು ವರ್ಷಕ್ಕೆ. ಆರು ಮನೆಯವರು ಕುರಿ ಮಾರಿ ಬೇರೆ ಬೇರೆ ಕೆಲಸ ಹಿಡಿದರು. ನಮ್ಮ ಹಿಂಡಿನಲ್ಲಿ ನಲವತ್ತು ಉಳಿಸಿಕೊಂಡು ಅಣ್ಣ ಬೇಲಿಗೂ ರಸ್ತೆಗೂ ನಡುವೆ ಇದ್ದ ಮೂವತ್ತು ಅಡಿ ಪಟ್ಟಿಯಲ್ಲಿ ಮೇಯಿಸೋಕೆ ಶುರು ಮಾಡಿದ. ಲಾರಿಗಳು ಹಾರ್ನ್ ಬಾರಿಸಿಕೊಂಡು ಹೋಗ್ತಿದ್ದವು, ವರ್ಷಕ್ಕೆ ಒಂದೆರಡು ಕುರಿ ಚಕ್ರಕ್ಕೆ ಸಿಗ್ತಿದ್ದವು.

ಅಪ್ಪ ಏನು ಮಾಡಿದ ಗೊತ್ತಾ? ಬೇಲಿ ಕಾಯೋಕೆ ಜನ ಬೇಕು ಅಂತ ಕಚೇರಿಯವರು ಕೇಳಿದರು, ಅಪ್ಪ ಹೋಗಿ ಸೇರ್ಕೊಂಡ. "ಗುಡ್ಡದ ಹತ್ತಿರ ಇರ್ತೀನಲ್ಲ" ಅಂದ. ಅಯ್ಯೋ ನನ್ನಪ್ಪಾ! ಕೈಯಲ್ಲಿ ಇಕ್ಕಳ, ಸೊಂಟಕ್ಕೆ ಬೀಗದ ಕೈ. ಸ್ವಂತ ಮಗನ ಕುರಿ ಒಳಗೆ ನುಗ್ಗದ ಹಾಗೆ ತಂತಿ ಬಿಗಿಯೋದು, ಸಾಹೇಬರ ಜೀಪು ಬಂದರೆ ಗೇಟು ತೆಗೆದು ಸಲಾಮು ಹೊಡೆಯೋದು. "ತಿಂದವನನ್ನೇ ಕಾವಲಿಗೆ ಇಟ್ಟಿದ್ದೀವಿ" ಅಂತ ಆ ಡ್ರೈವರು ಬಂದವರಿಗೆಲ್ಲ ಹೇಳಿ ನಗಿಸ್ತಿದ್ದ. ಹದಿಮೂರು ವರ್ಷ ಅಪ್ಪ ಆ ಮಾತು ಕೇಳಿಕೊಂಡು ಗೇಟು ತೆಗೆದ. ಎರಡು ವರ್ಷದ ಹಿಂದೆ ತೀರಿಕೊಂಡ.

ನಾನು ಕಚೇರಿಗೆ ಸೇರಿದ್ದು ಬೇಲಿ ಬಿದ್ದ ಮೂರನೇ ವರ್ಷ. ಗಿಡ ಎಣಿಸೋಕೆ ಹೆಂಗಸರು ಬೇಕಾಗಿದ್ದರು, ನಾನು ಹಲ್ಲು ಕಚ್ಚಿಕೊಂಡು ಹೋಗಿ ನಿಂತೆ. ಯಾರ ಮಗಳು ಅಂತ ಸಾಹೇಬರಿಗೆ ಗೊತ್ತಿತ್ತು. "ನಿಮ್ಮಪ್ಪನ ಕಣ್ಣು ನಿನಗೆ ಬಂದಿದೆಯಮ್ಮ" ಅಂತ ಹೊಗಳಿದರು. ಥೂ, ಆ ಕಣ್ಣು ಅವತ್ತು ಯಾಕೆ ಬೇಡವಾಗಿತ್ತು ಅಂತ ಕೇಳೋಕೆ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಮ್ಮ ಕೆಲಸದ ಕೋಣೆ ಉದ್ದಕ್ಕೆ ಇತ್ತು, ಒಂದೇ ಕಿಟಕಿ. ಹಳೇ ಪೇಪರಿನ ನಡುವೆ ಒತ್ತಿಟ್ಟ ಗಿಡಗಳ ಕಟ್ಟು ಸೂರಿನವರೆಗೆ. ನುಸಿಗುಳಿಗೆ ವಾಸನೆ ಕೂದಲಿಗೂ ಹತ್ತಿಕೊಳ್ತಿತ್ತು. ವರ್ಷಕ್ಕೆ ಎರಡು ಸಲ ನಲವತ್ತು ಚೌಕಟ್ಟು ಎಣಿಸಬೇಕು. ಇಪ್ಪತ್ತು ಬೇಲಿಯೊಳಗೆ, ಇಪ್ಪತ್ತು ಅಣ್ಣನ ಕುರಿ ಮೇಯೋ ರಸ್ತೆ ಪಟ್ಟಿಯಲ್ಲಿ. ನಾನು ಹೂವಿಗೆ ಕಾಯ್ತಿರಲಿಲ್ಲ. ಬುಡ ಮುರಿದು, ಮೂಸಿ, ನಾಲಿಗೆಗೆ ಮುಟ್ಟಿಸಿ ಬರ್ಕೊಳ್ತಿದ್ದೆ.

ಅಲ್ಲಿ ನಡೆದಿದ್ದನ್ನ ನೋಡಿ ನನಗೆ ಒಳಗೊಳಗೇ ಕುಣಿಯೋ ಹಾಗಾಗಿತ್ತು. ಮೊದಮೊದಲು ಬೇಲಿಯೊಳಗೆ ಚೆನ್ನಾಗೇ ಇತ್ತು. ಆಮೇಲೆ ಈಟಿಹುಲ್ಲು ಎದ್ದಿತು. ತಿನ್ನೋರಿಲ್ಲ, ತುಳಿಯೋರಿಲ್ಲ, ಸೊಂಟದೆತ್ತರ ಬೆಳೀತು, ಒಣಗಿತು, ಬಿದ್ದಲ್ಲೇ ಹಾಸಿಗೆಯಾಯಿತು. ಅದರ ಮೇಲೆ ಮುಂದಿನ ವರ್ಷದ್ದು. ಕೆಳಗಿದ್ದ ಪುಟ್ಟ ಗಿಡಗಳಿಗೆ ಬಿಸಿಲೇ ಇಲ್ಲ. ಮೂವತ್ತೊಂದು ಇದ್ದದ್ದು ಇಪ್ಪತ್ತೆಂಟಾಯಿತು, ಇಪ್ಪತ್ತೆರಡಾಯಿತು, ಕೊನೆಗೆ ಹದಿನಾಲ್ಕು. ಅಣ್ಣನ ಪಟ್ಟಿಯಲ್ಲಿ ಕುರಿಗಳು ಎತ್ತರದ ಹುಲ್ಲನ್ನ ಆಗಾಗ ಕತ್ತರಿಸಿ ಮುಂದೆ ಹೋಗ್ತಿದ್ದವು, ಸಣ್ಣ ಗಿಡಕ್ಕೆ ಜಾಗ ಸಿಗ್ತಿತ್ತು. ಲಾರಿ ಹೊಗೆ ಕುಡಿದುಕೊಂಡೇ ಅಲ್ಲಿ ಮೂವತ್ತಮೂರು ಬಗೆ! ಪ್ರತಿ ವರ್ಷ ನಾನು ಅಂಕಿ ಬರೆದು ಸಹಿ ಹಾಕ್ತಿದ್ದೆ, ಕೆಳಗೆ ಸಾಹೇಬರು ಸಹಿ ಹಾಕ್ತಿದ್ದರು. ಅವರ ಮುಖ ವರ್ಷದಿಂದ ವರ್ಷಕ್ಕೆ ಸಪ್ಪಗಾಗ್ತಿತ್ತು. ಆ ವರದಿಯ ಮೊದಲ ಸಾಲಿನಲ್ಲಿ ಮಾತ್ರ ಸಾಹೇಬರ ಆ ಹಳೇ ಹನ್ನೊಂದು ಹಾಗೇ ಕೂತಿತ್ತು.

ಕೆಲಸಕ್ಕೆ ಸೇರಿ ಆರು ವರ್ಷ ಆದಾಗ ಕಬ್ಬಿಣದ ಬೀರು ಒರೆಸ್ತಾ ಇದ್ದೆ. ಕಟ್ಟುಗಳ ಹಿಂದೆ ಸಾಹೇಬರ ಹಳೇ ನೋಟುಬುಕ್ಕು ಸಿಕ್ಕಿತು. ಆವತ್ತಿನದೇ, ಅಪ್ಪ ಜೊತೆಗಿದ್ದ ದಿನದ್ದು. ಕುರಿ ಮೇಯ್ದ ಚೌಕಟ್ಟುಗಳ ಪುಟದಲ್ಲಿ ಹನ್ನೊಂದು ಹೆಸರು, ಅದರ ಕೆಳಗೆ ಸಾಲಾಗಿ ಪ್ರಶ್ನೆ ಚಿಹ್ನೆ. ಎಣಿಸಿದೆ, ಇಪ್ಪತ್ತೆರಡು. ಪಕ್ಕದಲ್ಲಿ ಅವರದೇ ಕೈಬರಹ: "ಹಿಂಡು ಹೋಗಿ ಇಪ್ಪತ್ತು ದಿನ. ಬುಡಗಳಿವೆ. ಹೂವಿಲ್ಲ, ಗುರುತು ಸಿಗಲಿಲ್ಲ. ಮತ್ತೊಮ್ಮೆ ಬರಬೇಕು." ಮತ್ತೊಮ್ಮೆ ಬರಲೇ ಇಲ್ಲ. ವರದಿಯಲ್ಲಿ ಇಪ್ಪತ್ತೆರಡೂ ಸೊನ್ನೆಯಾಗಿತ್ತು. ಅಂದರೆ ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಗಿಡ ಇದೆ ಅಂತ ಗೊತ್ತಿತ್ತು, ಅಪ್ಪ ಹೇಳಿದ್ದು ನಿಜ ಅಂತ ಗೊತ್ತಿತ್ತು.

ನೋಟುಬುಕ್ಕನ್ನ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದು ಟ್ರಂಕಿನ ತಳಕ್ಕೆ ಇಟ್ಟೆ. ಆಗಲೇ ಎತ್ತಿದ್ದರೆ ಏನಾಗ್ತಿತ್ತು? ಸಾಹೇಬರ ಕೋಣೆಯ ಬಾಗಿಲು ಹಾಕಿ, ನಾಲ್ಕು ನಯವಾದ ಮಾತಾಡಿ, ಮುಚ್ಚಿಹಾಕಿಬಿಡ್ತಿದ್ದರು. ನನಗೆ ಜನ ಬೇಕಿತ್ತು. ಬೇಲಿಯ ಗಡುವು ಮುಗಿಯೋ ವರ್ಷ ಮೇಲಿನಿಂದ ಸಮಿತಿ ಬಂದೇ ಬರುತ್ತೆ, ಆವತ್ತು ಎಲ್ಲರ ಮುಂದೆ ಇವರ ನೀರಿಳಿಸ್ತೀನಿ ಅಂದುಕೊಂಡೆ.

ಆ ವರ್ಷ ಬಂತು. ಬೇಲಿ ಮುಂದುವರಿಸಬೇಕಾ, ತೆಗೆದು ಕುರಿ ಬಿಡಬೇಕಾ ಅಂತ ತೀರ್ಮಾನ ಮಾಡೋಕೆ ಮೂರು ಜನರ ಸಮಿತಿ. ಸಾಹೇಬರಿಗೂ ಅದೇ ತಿಂಗಳು ನಿವೃತ್ತಿ. ಸಮಿತಿ ಬರೋಕೆ ನಾಲ್ಕು ದಿನ ಇರುವಾಗ ನನ್ನನ್ನ ಕೋಣೆಗೆ ಕರೆಸಿದರು. ಎಂದೂ ಇಲ್ಲದವರು ಕುರ್ಚಿ ತೋರಿಸಿದರು, ಟೀ ತರಿಸಿದರು.

"ನೋಡಮ್ಮ" ಅಂತ ಒಂದು ಹಾಳೆ ಮುಂದಿಟ್ಟರು. ವರ್ಷಕ್ಕೆ ಐದು ತಿಂಗಳು ಗುಡ್ಡಕ್ಕೆ ಕುರಿ ಬಿಡಬಹುದು, ಒಂದು ಕಡೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸಬಾರದು, ತೊಟ್ಟಿಯ ಸುತ್ತ ಬೇಡ ಅಂತ ಬರೆದಿದ್ದರು. ಎಲ್ಲಾ ಅಪ್ಪನ ಮಾತೇ, ಸಾಹೇಬರ ಅಕ್ಷರದಲ್ಲಿ. "ನಿನ್ನ ಹನ್ನೆರಡು ವರ್ಷದ ಅಂಕಿ ಇಟ್ಟೇ ಬರೆದಿದ್ದೀನಿ. ಸಮಿತಿ ಒಪ್ಪುತ್ತೆ. ಗೇಟು ತೆಗೆಯುತ್ತೆ."

ನಾನು ಹಾಳೆಯನ್ನ ಎರಡು ಸಲ ಓದಿದೆ.

"ಬೀರುವಿನಲ್ಲಿ ನನ್ನದೊಂದು ಹಳೇ ನೋಟುಬುಕ್ಕಿತ್ತು. ಈಗಿಲ್ಲ" ಅಂದರು. "ಎಲ್ಲಿದೆ ಅಂತ ನಾನು ಕೇಳಲ್ಲ. ಅದನ್ನ ಅವತ್ತು ತರಬೇಡ. ಇನ್ನು ಇಪ್ಪತ್ತು ದಿನ, ಮರ್ಯಾದೆಯಿಂದ ಮನೆಗೆ ಹೋಗ್ತೀನಿ."

"ಆಗಲಿ ಸಾರ್" ಅಂದೆ. ಟೀ ಕೂಡ ಪೂರ್ತಿ ಕುಡಿದೆ.

ಅಣ್ಣನಿಗೆ ಹೇಳಿದಾಗ ಅವನು ಎದ್ದು ನಿಂತುಬಿಟ್ಟ. ಹದಿನೈದು ವರ್ಷದಲ್ಲಿ ಅವನ ಮುಖ ಹಾಗೆ ಅರಳಿದ್ದು ನಾನು ನೋಡಿರಲಿಲ್ಲ. ಮಾರನೇ ದಿನವೇ ಕುರಿದೊಡ್ಡಿಗೆ ಹೊಸ ಕಂಬ ನೆಟ್ಟ, ಇನ್ನೂ ಇಪ್ಪತ್ತು ಕುರಿ ಹಿಡಿಯೋ ಹಾಗೆ ಅಗಲ ಮಾಡಿದ. "ಪುಟ್ಟೀ, ನಿನಗೆ ಕೈ ಮುಗೀತೀನಿ" ಅಂದ. "ಒಂದೇ ಒಂದು ದಿನ ಬಾಯಿಗೆ ಬೀಗ ಹಾಕ್ಕೋ. ಆಮೇಲೆ ಬೇಕಾದರೆ ಅವನ ಮನೆ ಮುಂದೆ ನಿಂತು ಬೈಯಿ, ನಾನೂ ಬಂದು ದನಿಗೂಡಿಸ್ತೀನಿ."

"ಆಯಿತು ಅಣ್ಣ" ಅಂತ ಮಾತು ಕೊಟ್ಟೆ. ಮಾತು ಕೊಟ್ಟಿದ್ದೂ ನಿಜ, ಬೆಳಗ್ಗೆ ಹೊರಡುವಾಗ ನೋಟುಬುಕ್ಕನ್ನ ಚೀಲಕ್ಕೆ ಹಾಕ್ಕೊಂಡಿದ್ದೂ ನಿಜ.

ಸಮಿತಿಯ ಅಧ್ಯಕ್ಷೆ ಒಬ್ಬ ಮೇಡಂ, ಬೆಳ್ಳಗಿನ ಗಿಡ್ಡ ಕೂದಲು, ಕಡಿಮೆ ಮಾತು. ಜೊತೆಗೆ ಇಬ್ಬರು ಗಂಡಸರು. ಮೊದಲು ಬೇಲಿಯೊಳಗೆ ಕರ್ಕೊಂಡು ಹೋದೆವು. ಒಣಹುಲ್ಲಿನಲ್ಲಿ ಕಾಲು ಹೂತುಹೋಗೋದನ್ನ ಮೇಡಂ ತಾವೇ ನೋಡಿದರು. ಆಮೇಲೆ ರಸ್ತೆ ಪಟ್ಟಿಗೆ ಬಂದೆವು. ಅಣ್ಣ ಸ್ವಲ್ಪ ದೂರದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ, ಒಗೆದ ಅಂಗಿ ಹಾಕ್ಕೊಂಡಿದ್ದ. ಮೇಡಂ ಹಾಳೆ ತಿರುವಿ, "ಶಿಫಾರಸು ಸರಿಯಾಗಿದೆ ಅನ್ನಿಸುತ್ತೆ" ಅಂದರು. ಅಣ್ಣ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕ.

ಆಮೇಲೆ ಮೇಡಂ ಕೇಳಿದರು, "ಮೊದಲ ವರ್ಷ ಹನ್ನೊಂದೇ ಇತ್ತಲ್ಲ, ಯಾಕೆ?"

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಆಗ ಕುರಿಗಾಹಿಗಳು ಹಿಂದುಮುಂದು ನೋಡದೆ ಮೇಯಿಸಿ ಬರಿದು ಮಾಡಿದ್ದರು ಮೇಡಂ. ತಿಳಿವಳಿಕೆ ಇಲ್ಲದ ಜನ."

ತಿಳಿವಳಿಕೆ ಇಲ್ಲದ ಜನ! ನನ್ನ ರಕ್ತ ನೆತ್ತಿಗೇರಿತು. ಅಪ್ಪನ ಮಾತನ್ನೇ ಕದ್ದು ಹಾಳೆಯಲ್ಲಿ ಬರ್ಕೊಂಡು, ಅಪ್ಪನಿಗೇ ತಿಳಿವಳಿಕೆ ಇಲ್ಲ ಅಂತಾರಲ್ಲ! ಅಣ್ಣ ದೂರದಿಂದಲೇ ಬೇಡ ಬೇಡ ಅಂತ ತಲೆ ಆಡಿಸಿದ. ನಾನು ಚೌಕಟ್ಟನ್ನ ತಂದು ಸಾಹೇಬರ ಕಾಲ ಬುಡಕ್ಕೆ ಧಡ್ ಅಂತ ಹಾಕಿದೆ.

"ಸಾರ್, ಇಲ್ಲಿ ಕುರಿ ಮೇಯ್ದು ಒಂದು ವಾರ ಆಗಿದೆ. ಎಷ್ಟು ಬಗೆ ಇದೆ, ಸ್ವಲ್ಪ ಹೇಳಿ."

ಅವರು ನನ್ನ ಮುಖ ನೋಡಿದರು. ಮೇಡಂ ಕೂಡ ನೋಡ್ತಿದ್ದರು, ಬೇರೆ ದಾರಿ ಇರಲಿಲ್ಲ. ಮಂಡಿಯೂರಿದರು. ಆ ಬೂದು ಪ್ಯಾಂಟಿನ ಮಂಡಿ ಹಸಿ ಮಣ್ಣಿಗೆ ಊರಿದ್ದನ್ನ ನೋಡಿ ನನಗೆ ಆದ ಸಂತೋಷ, ದೇವರಾಣೆ, ಹಸಿದವರಿಗೆ ಊಟ ಸಿಕ್ಕ ಹಾಗಿತ್ತು. ಅವರು ಬೆರಳಿಟ್ಟು ಎಣಿಸಿದರು, ತಡವರಿಸಿದರು, ಬೆವರು ಒರೆಸಿಕೊಂಡರು.

"ಒಂಬತ್ತು" ಅಂದರು.

"ಇದೇನು ಸಾರ್?" ಅಂತ ಒಂದು ಬುಡ ತೋರಿಸಿದೆ. ಉತ್ತರ ಇಲ್ಲ. "ಇದು?" ಇಲ್ಲ. "ಇದು?"

ನಾನೂ ಎದುರಿಗೆ ಕೂತೆ. ಒಂದೊಂದನ್ನೇ ಮುರಿದು ಹೆಸರು ಹೇಳಿದೆ. ಕುರಿನಾಲಿಗೆ, ಹಾಲು ನೋಡಿ. ಗುಬ್ಬಿಕಾಲು, ಮೂಸಿ. ಹುಳಿದಂಟು, ನಾಲಿಗೆಗೆ ಇಡಿ. ಇದರ ದಂಟು ಚೌಕ, ಮುಟ್ಟಿ ನೋಡಿ. ಇಪ್ಪತ್ತಾರರವರೆಗೆ ಹೋದೆ. ಆಮೇಲೆ ಚೀಲದಿಂದ ನೋಟುಬುಕ್ಕು ತೆಗೆದು ಆ ಪುಟವನ್ನ ಗಟ್ಟಿಯಾಗಿ ಓದಿದೆ. ಇಪ್ಪತ್ತೆರಡು ಪ್ರಶ್ನೆ ಚಿಹ್ನೆಯನ್ನೂ ಒಂದೊಂದಾಗಿ ಎಣಿಸಿದೆ, ಬಿಡಲಿಲ್ಲ. "ಬುಡಗಳಿವೆ ಅಂತ ಇವರೇ ಬರೆದಿದ್ದಾರೆ ಮೇಡಂ. ವರದಿಯಲ್ಲಿ ಸೊನ್ನೆ ಮಾಡಿದ್ದಾರೆ. ನಮ್ಮಪ್ಪ ಒಂದು ಗಿಡವನ್ನೂ ಮುಗಿಸಿರಲಿಲ್ಲ."

ಸಾಹೇಬರು ಮಂಡಿಯೂರಿಕೊಂಡೇ ಇದ್ದರು. ಡ್ರೈವರು, ಈಗ ಮುದುಕ, ಜೀಪಿನ ಹಿಂದೆ ಹೋಗಿ ನಿಂತ. ಇಷ್ಟು ಸಾಕು ಅಂದುಕೊಂಡೆ, ಈಗ ಸತ್ತರೂ ಚಿಂತೆಯಿಲ್ಲ.

ಮೇಡಂ ನೋಟುಬುಕ್ಕು ಕೈಗೆ ತಗೊಂಡು ನಿಧಾನಕ್ಕೆ ಓದಿದರು. "ಇದು ನಿಮಗೆ ಯಾವಾಗ ಸಿಕ್ಕಿತು?"

"ಆರು ವರ್ಷ ಆಯಿತು ಮೇಡಂ."

"ಆರು ವರ್ಷ?" ಅಂದರು. "ಆಮೇಲೂ ಪ್ರತಿ ವರ್ಷದ ವರದಿಗೆ, ಆ ಹನ್ನೊಂದು ಇರೋ ಹಾಳೆಗೆ, ನೀವು ಸಹಿ ಹಾಕಿದ್ದೀರಿ."

"ನನ್ನ ಅಂಕಿಗಳು ನಿಜ ಮೇಡಂ."

"ಇರಬಹುದು. ಅಲ್ಲಿರೋ ಕುರಿ ಯಾರದು?"

"ನಮ್ಮಣ್ಣಂದು."

ಮೇಡಂ ಜೊತೆಯವರ ಮುಖ ನೋಡಿದರು. ಅವರಿಬ್ಬರೂ ಆಗಲೇ ಫೈಲು ಮಡಚ್ತಿದ್ದರು. "ಡೈರೆಕ್ಟರು ಸುಳ್ಳು ಬರೆದರು. ನೀವು ಅದನ್ನ ತಿಳಿದೂ ಆರು ವರ್ಷ ಬಚ್ಚಿಟ್ಟಿರಿ. ಕುರಿ ನಿಮ್ಮಣ್ಣಂದು. ಈ ಕಚೇರಿಯ ಯಾವ ಅಂಕಿಯನ್ನ ನಂಬಿ ನಾನು ಗೇಟು ತೆಗೆಸಲಿ? ಹೊರಗಿನವರು ಬಂದು ಮೊದಲಿನಿಂದ ಎಣಿಸಬೇಕು. ಕನಿಷ್ಠ ಐದು ವರ್ಷ. ಅಲ್ಲೀವರೆಗೆ ಬೇಲಿ ಹೀಗೇ ಇರಲಿ."

ಸಾಹೇಬರು ನೆಲಕ್ಕೆ ಕೈಯೂರಿ ಎದ್ದರು. ಮಂಡಿಯ ಮಣ್ಣು ಕೂಡ ಕೊಡವಲಿಲ್ಲ. "ಗೇಟು ತೆಗೀರಿ ಅಂತ ನಾನೇ ಬರೆದು ಕೊಟ್ಟಿದ್ನಲ್ಲಮ್ಮ" ಅಂತ ಮೆಲ್ಲಗೆ ಹೇಳಿ ಜೀಪಿನ ಕಡೆ ಹೋದರು. ಅವರ ಬೀಳ್ಕೊಡುಗೆ ನಡೆಯಲಿಲ್ಲ. ವಿಚಾರಣೆ ಶುರುವಾಯಿತು, ಪಿಂಚಣಿ ತಡೆದರು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಲ್ಲ.

ಸಂಜೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ನೀರು ಕೂಡ ಕೊಡದೆ ಒಳಗೆ ಹೋದಳು. ಅಣ್ಣ ದೊಡ್ಡಿಯಲ್ಲಿ ಹೊಸ ಕಂಬಗಳನ್ನ ಕೀಳ್ತಿದ್ದ. ಬೈತಾನೆ ಅಂದುಕೊಂಡಿದ್ದೆ, ನಾಲ್ಕು ಏಟು ಹಾಕಿದರೂ ಸರಿ ಅಂದುಕೊಂಡಿದ್ದೆ.

"ಅಪ್ಪನ ಮೇಲಿದ್ದ ಮಾತು ಹೋಯಿತಲ್ಲ ಅಣ್ಣ" ಅಂದೆ. "ನಾಲ್ಕು ಜನರ ಮುಂದೆ ಓದಿದೆನಲ್ಲ."

ಅವನು ಕಂಬ ಕೆಳಗಿಟ್ಟ. "ಆರು ವರ್ಷದ ಹಿಂದೆ ಸಿಕ್ಕಿತ್ತಾ ಅದು?"

"ಹೂಂ."

"ಅಪ್ಪ ಹೋಗಿ ಎರಡು ವರ್ಷ."

ಅವನು ಕಿತ್ತು ಹಾಕಿದ್ದ ಕಂಬಗಳನ್ನ ನಾನು ಎಣಿಸಿದೆ.

"ನಾಲ್ಕು ವರ್ಷ ಅದು ನಿನ್ನ ಟ್ರಂಕಿನಲ್ಲಿತ್ತು, ಅಪ್ಪ ಪಕ್ಕದ ಕೋಣೆಯಲ್ಲಿ ಮಲಗ್ತಿದ್ದ. ದಿನಾ ಬೆಳಗ್ಗೆ ಆ ಇಕ್ಕಳ ಹಿಡ್ಕೊಂಡು ಹೋಗ್ತಿದ್ದ. ಅವನಿಗೆ ತೋರಿಸಿದ್ದೆಯಾ?"

"ಇಲ್ಲ."

"ಯಾಕೆ?"

ಸುಳ್ಳು ಹೇಳಬಹುದಿತ್ತು. ಮರೆತೆ ಅನ್ನಬಹುದಿತ್ತು, ಅವನಿಗೆ ಹುಷಾರಿರಲಿಲ್ಲ ಅನ್ನಬಹುದಿತ್ತು. "ತೋರಿಸಿದ್ದರೆ ಅಪ್ಪ ನೆಟ್ಟಗೆ ಸಾಹೇಬರ ಹತ್ತಿರ ಹೋಗ್ತಿದ್ದ" ಅಂದೆ. "ಅವರು ಒಂದು ಟೀ ಕೊಡ್ತಿದ್ದರು, ತಪ್ಪಾಯಿತು ಅನ್ನುತ್ತಿದ್ದರು. ಅಪ್ಪ ನಕ್ಕು ಕ್ಷಮಿಸಿಬಿಡ್ತಿದ್ದ ಅಣ್ಣ. ನಿನಗೆ ಗೊತ್ತಲ್ಲ ಅಪ್ಪ."

"ಹೂಂ. ಕ್ಷಮಿಸಿಬಿಡ್ತಿದ್ದ" ಅಂದ ಅಣ್ಣ. "ಆಮೇಲೆ ಇಬ್ಬರೂ ಕೂತು ಆ ಹಾಳೆ ಬರೀತಿದ್ದರು. ಅಪ್ಪ ಬದುಕಿದ್ದಾಗಲೇ ಗೇಟು ತೆಗೀತಿತ್ತು."

ಅವನು ಬಗ್ಗಿ ಮುಂದಿನ ಕಂಬಕ್ಕೆ ಕೈ ಹಾಕಿದ. ಕಂಬ ಗಟ್ಟಿಯಾಗಿ ಕೂತಿತ್ತು. ನಾನು ಹಿಡ್ಕೊಳ್ಳೋಕೆ ಹೋದೆ. "ನೀನು ಮುಟ್ಟಬೇಡ" ಅಂದ.